ಹುಡುಗಿಗೊಂದು ಮೈದಾನ ನೋಡಿದ್ದು

ಜಮಖಂಡಿಯ ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಹಾಕಿ ಸ್ಟಿಕ್ ನಿಂತಿದೆ. ಅದರಿಂದ ನುಗ್ಗೆಕಾಯಿ ಹರಿಯುತ್ತೇವೆ, ಮಂಗಗಳನ್ನು ಓಡಿಸುತ್ತೇವೆ, ಮಂಚದ ಕೆಳಗೆ ಉರುಳಿಹೋದ ಗುಳಿಗೆ ಡಬ್ಬಿಯನ್ನು ಈಚೆ ಎಳೆಯುತ್ತೇವೆ. ಕಳೆದ ದೀಪಾವಳಿಯಲ್ಲಿ ನನ್ನ ಹೆಂಡತಿ ಅದಕ್ಕೆ ಬಟ್ಟೆ ಸುತ್ತಿ ಜೇಡರ ಬಲೆಯನ್ನೂ ತೆಗೆದಳು. ಹಾಕಿಯೊಂದನ್ನು ಬಿಟ್ಟು ಅದು ಮಾಡದ ಕೆಲಸವಿಲ್ಲ. ಇದು ನನ್ನ ತಮ್ಮನ ಮಗಳು ಪೂರ್ಣಿಮಾಳದು. ಅವಳು ಉದ್ದವಾದಳು, ಸ್ಟಿಕ್ ಗಿಡ್ಡವಾಯಿತು. ಅವಳು ಹೊಸದನ್ನು ಹಿಡಿದು ಹೋದ ಮೇಲೆ ಹಳೆಯದು ನಮ್ಮಲ್ಲಿ ನೌಕರಿಗೆ ನಿಂತಿತು.

ನಾವು ಸಣ್ಣವರಿದ್ದಾಗ ನಮ್ಮೂರು ಗಲಗಲಿಯಲ್ಲಿ ಹಾಕಿ ಸ್ಟಿಕ್ಕನ್ನು ಯಾರೂ ಕಂಡಿರಲಿಲ್ಲ. ಹಾಕಿ ಮಾತ್ರ ಆಡುತ್ತಿದ್ದೆವು. ತುದಿ ಬಾಗಿದ ಜಾಲಿಯ ಟೊಂಗೆ ಮುರಿದು, ಮುಳ್ಳು ಸವರಿ, ಹರಕು ಬಟ್ಟೆಯ ಉಂಡೆಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಚೆಂಡು ಮಾಡುತ್ತಿದ್ದೆವು. ಎರೆ ಮಣ್ಣಿನ ಹೊಲ. ಹೊಡೆದ ಚೆಂಡು ಹೊಡೆದಲ್ಲೇ ಕೂತು ನಮ್ಮ ಮುಖ ನೋಡುತ್ತಿತ್ತು. ನನ್ನನ್ನು ಗೋಲಿನಲ್ಲಿ ನಿಲ್ಲಿಸುತ್ತಿದ್ದರು. ತಡೆಯುತ್ತಿದ್ದೆನೆಂದು ತಿಳಿಯಬೇಡಿ. ಚೆಂಡು ಯಾರ ಕೋಲಿನಿಂದ ಬಂತು, ಯಾವ ಕಡೆಯಿಂದ ಒಳಗೆ ಹೋಯಿತು ಎಂಬುದನ್ನು ಆಮೇಲೆ ಎಲ್ಲರಿಗಿಂತ ಸ್ಪಷ್ಟವಾಗಿ ಹೇಳುತ್ತಿದ್ದೆ. ಹೀಗೆ ನಿಂತು ನೋಡುವ ವಿದ್ಯೆಯೇ ಮುಂದೆ ಹೊಟ್ಟೆಗೆ ಹಾಕಿತು. ಮೂವತ್ತು ವರ್ಷದಿಂದ ಒಂದು ದಿನಪತ್ರಿಕೆಗೆ ತಾಲ್ಲೂಕಿನ ಸುದ್ದಿ ಬರೆಯುತ್ತಿದ್ದೇನೆ.

ನಾನು ಕಳಿಸಿದ ಮೊದಲ ವರದಿಯೂ ಒಂದು ಪಂದ್ಯದ್ದೇ. ಕಬಡ್ಡಿ. ಎರಡೂ ತಂಡದ ಒಳ್ಳೆಯ ಆಟಗಾರರು, ಜನಸಂದಣಿ, ಅಧ್ಯಕ್ಷತೆ ವಹಿಸಿದವರು, ವಂದನಾರ್ಪಣೆ ಮಾಡಿದವರು ಎಲ್ಲ ಬರೆದಿದ್ದೆ. ಸಂಜೆ ಸಂಪಾದಕರು ಫೋನ್ ಮಾಡಿ, “ವರದಿ ಚೆನ್ನಾಗಿದೆ. ಗೆದ್ದವರು ಯಾರು?” ಎಂದರು. “ಎರಡೂ ಕಡೆಯವರು ಚೆನ್ನಾಗಿ ಆಡಿದರು ಸರ್” ಎಂದೆ. ಅವರು ಫೋನ್ ಇಟ್ಟುಬಿಟ್ಟರು. ಅಂದಿನಿಂದ ಅಂಕಿ-ಸಂಖ್ಯೆ ತಪ್ಪಿಲ್ಲ. ಆದರೆ ಎರಡೂ ಕಡೆಯವರು ಎನ್ನುವ ರೋಗ ಮಾತ್ರ ಹೋಗಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಎಂದು ಹೆಂಡತಿ ಕೇಳಿದರೆ, ಹೆಚ್ಚಾಗಿದೆ ಎನ್ನುವವರೂ ಇದ್ದಾರೆ ಎಂದು ಹೇಳುವ ಮನುಷ್ಯ ನಾನು.

ಇಂಥವನನ್ನು ಪೂರ್ಣಿಯ ವಿಷಯದಲ್ಲಿ ತೀರ್ಪು ಕೊಡಲು ಕರೆದರು.

ಅವಳಿಗೆ ಆಗ ಹದಿನಾಲ್ಕು. ಅದಕ್ಕೆ ಮೂರು ವರ್ಷ ಮುಂಚೆ ಗಲಗಲಿಯ ಶಾಲೆಯಲ್ಲಿ ಪೀಟಿ ಮಾಸ್ತರರು ಆಟದ ಸಾಮಾನಿನ ಕೋಣೆ ಕಸ ಹೊಡೆಸುವಾಗ ನಾಲ್ಕು ಹಾಕಿ ಸ್ಟಿಕ್ ಸಿಕ್ಕು, ಆಟ ಶುರುವಾಗಿತ್ತು. ಆ ಮೂರು ವರ್ಷದಲ್ಲಿ ಪೂರ್ಣಿ ಎಷ್ಟು ಮುಂದೆ ಹೋದಳೆಂದರೆ ಅವಳ ತಂಡದ ಉಳಿದ ಹತ್ತು ಹುಡುಗಿಯರು ಮೈದಾನದಲ್ಲಿ ಮಾತಾಡುತ್ತ ನಿಲ್ಲತೊಡಗಿದರು. ಚೆಂಡು ಇವಳ ಹತ್ತಿರ ಬಂತೆಂದರೆ ಗೋಲು. ಇವಳ ಹತ್ತಿರ ಬರಲಿಲ್ಲವೆಂದರೆ ಇವಳೇ ಹೋಗಿ ತರುತ್ತಿದ್ದಳು.

ಆ ಬೇಸಿಗೆಯಲ್ಲಿ ಮಾಸ್ತರರು ಬಸ್ಸು ಹತ್ತಿ ಜಮಖಂಡಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತರು.

“ಸಾಹೇಬ್ರ, ಈ ಹುಡುಗಿ ನನ್ನ ಕಡೆ ಇದ್ರ ನನಗ ಸುಖ. ಪ್ರತಿ ವರ್ಷ ಕಪ್ ತರತಾಳ. ಆದ್ರ ಅಕಿಗಿ ಕಲಸೂದು ನನಗೇನೂ ಉಳದಿಲ್ರಿ. ಇನ್ನೆರಡು ವರ್ಷ ಹಿಂಗ ಒಬ್ಬಾಕಿನ ಆಡಿದ್ಲಂದ್ರ ಕೈ ಕೆಡತಾವ. ಸಾಲಿ ಸುರು ಆಗೂದ್ರಾಗ ಎಲ್ಲೆರ ಛಲೋ ಕಡೆ ಹಾಕ್ರಿ.”

ತನ್ನ ಕಪ್ಪನ್ನು ತಾನೇ ಬಿಟ್ಟುಕೊಡಲು ಬಂದ ಮನುಷ್ಯನನ್ನು ನಾನು ನನ್ನ ವೃತ್ತಿಯಲ್ಲಿ ಬಹಳ ನೋಡಿಲ್ಲ. ಕೂಡಲೆ ಒಂದು ನೋಟ್‌ಬುಕ್ ತೆರೆದೆ. ಅವರು ಮೂರು ಕಡೆ ಹೇಳಿದರು: ಮುಧೋಳದಲ್ಲಿ ಒಂದು ವಸತಿ ಶಾಲೆ, ಜಮಖಂಡಿಯಲ್ಲಿ ನಿವೃತ್ತ ಸುಭೇದಾರರೊಬ್ಬರು ನಡೆಸುವ ಕ್ಲಬ್, ಬನಹಟ್ಟಿಯಲ್ಲಿ ಒಬ್ಬ ಬಾಯಿ, ಅಂದರೆ ಮೇಡಂ, ಹೆಣ್ಣುಮಕ್ಕಳಿಗಷ್ಟೇ ಕಲಿಸುವ ತಂಡ.

ಸುದ್ದಿ ಬೀಳಗಿಯಲ್ಲಿದ್ದ ನಮ್ಮ ಅಕ್ಕ ಗೌರವ್ವನ ಕಿವಿಗೆ ಬಿತ್ತು. ಇಲ್ಲಿ ಅಕ್ಕನ ಬಗ್ಗೆ ಒಂದು ಮಾತು. ಬೀಳಗಿ, ಬಾಡಗಂಡಿ, ಗಲಗಲಿ ಸುತ್ತಲಿನ ಎಷ್ಟು ಮದುವೆ ಅಕ್ಕ ಕೂಡಿಸಿದ್ದಾಳೆಂದು ಅವಳಿಗೇ ನೆನಪಿಲ್ಲ. ಹುಡುಗಿಗೆ ಮನೆ ನೋಡುವುದಕ್ಕೆ ಅವಳದೇ ಒಂದು ಶಾಸ್ತ್ರವಿದೆ. ಹೇಳದೆ ಹೋಗಬೇಕು. ಮೊದಲು ನೆರೆಮನೆಯಲ್ಲಿ ನೀರು ಕೇಳಬೇಕು, ನೀರಿನ ಜೊತೆ ನಿಜವೂ ಬರುತ್ತದೆ. ಆಮೇಲೆ ಬೀಗರ ಮನೆಗೆ ಹೋಗಿ, ಪಡಸಾಲೆಗಿಂತ ಮುಂಚೆ ಹಿತ್ತಲು ನೋಡಬೇಕು. ಕೊನೆಗೆ, ಬಂದವರನ್ನು ಹೇಗೆ ಕೂರಿಸಿದರು, ಏನು ಕೊಟ್ಟರು ಎಂಬುದನ್ನು ತೂಗಬೇಕು. ಈ ಶಾಸ್ತ್ರ ಮದುವೆಗೆ ಮಾತ್ರ ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಎಮ್ಮೆ ಕೊಳ್ಳುವಾಗಲೂ ಅವಳು ಮೊದಲು ನೆರೆಮನೆಗೇ ಹೋದವಳು.

“ಹುಡುಗಿನ್ನ ಒಂದ ಮನಿಗೆ ಕಳಸೂದಂದ್ರ ನೋಡಿ ಕಳಸಬೇಕ ಬ್ಯಾಡೋ?” ಎಂದು ಫೋನಿನಲ್ಲಿ ಗದರಿಸಿದಳು.

“ಅಕ್ಕಾ, ಇದು ಹಾಕಿ.”

“ಹಾಕಿ ಇದ್ದರೇನು, ನಾಕು ಮಂದ್ಯಾಗ ಹೋಗಿ ಇರಾಕಿ ಹೌದಲ್ಲ?”

ಹೀಗೆ ನಮ್ಮ ಪಡೆ ಹೊರಟಿತು. ಅಕ್ಕ, ತಮ್ಮ ಮಲ್ಲೇಶಿ, ಪೂರ್ಣಿ, ನಾನು. ತಮ್ಮನ ಹೆಂಡತಿ ಕಸ್ತೂರಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟೂ ಜೊತೆಗಿತ್ತು. ಹತ್ತು ಹೊಡೆತದಲ್ಲಿ ಪೂರ್ಣಿ ಎಷ್ಟು ಗೋಲು ಹಾಕುತ್ತಾಳೆ ಎಂದು ಎಲ್ಲ ಕಡೆ ನೋಡಿಕೊಂಡು ಬನ್ನಿ ಎಂದು ಪೀಟಿ ಮಾಸ್ತರರು ನನಗೆ ಹೇಳಿದ್ದರು. ಉಳಿದದ್ದನ್ನು ನೋಡಲು ಅಕ್ಕ ಇದ್ದಳು.

ಮುಧೋಳದಲ್ಲಿ ಶಾಲೆಯ ಎದುರಿನ ಚಹಾದಂಗಡಿಯಲ್ಲಿ ಅಕ್ಕ ನೀರು ಕೇಳಿದಳು. “ಈ ಮನಿಯವರು ಹೆಂಗಪಾ?” ಎಂದು ಶಾಲೆಯ ಕಟ್ಟಡದ ಕಡೆ ಕೈ ಮಾಡಿದಳು.

ಅಂಗಡಿಯವನು ನಮ್ಮ ಗಂಟು ನೋಡಿದ, ತಲೆ ಬಗ್ಗಿಸಿ ನಿಂತ ಪೂರ್ಣಿಯನ್ನು ನೋಡಿದ. “ಭಾಳ ಮರ್ಯಾದಸ್ಥ ಮಂದಿ ಬೇ ಯವ್ವಾ. ಯಾರನ್ನೂ ಉಪವಾಸ ಕಳಸಾಂಗಿಲ್ಲ” ಎಂದ. ನಾವು ಅತ್ತ ತಿರುಗಿದ್ದೇ ತಡ, ಒಳಗೆ ಫೋನ್ ಮಾಡಿದನೆಂದು ಕಾಣುತ್ತದೆ. ಗೇಟಿನಲ್ಲಿಯೇ ತರಬೇತುದಾರರು ಕೈ ಮುಗಿದು ನಿಂತಿದ್ದರು. ಉಪ್ಪಿಟ್ಟು, ಶಿರಾ, ಚಹಾ ಬಂದವು. ಮೈದಾನ ಸಮತಟ್ಟು, ಸುಣ್ಣದ ಗೆರೆ ಬೆಳ್ಳಗೆ. ಅಕ್ಕ ಅದನ್ನೆಲ್ಲ ಬಿಟ್ಟು ಕಟ್ಟಡದ ಹಿಂದೆ ಹೋಗಿ, ಹುಡುಗಿಯರ ಬಟ್ಟೆ ಒಣಹಾಕುವ ತಂತಿ ಜಗ್ಗಿ ನೋಡಿ, “ಗಟ್ಟಿ ಐತಿ” ಎಂದು ಬಂದಳು.

ಪೂರ್ಣಿ ಹತ್ತು ಹೊಡೆದಳು. ಒಂಬತ್ತು ಒಳಗೆ ಹೋದವು. ಗೋಲಿನಲ್ಲಿ ನಿಂತ ಹುಡುಗಿ ಮೂರನೆಯದರ ಹೊತ್ತಿಗೇ ಕಣ್ಣು ಮುಚ್ಚತೊಡಗಿದ್ದಳು.

“ಬಂದ ದಿನದಿಂದನ ನಮ್ಮ ಕ್ಯಾಪ್ಟನ್ ಮಾಡತೇವ್ರಿ” ಎಂದರು ತರಬೇತುದಾರರು.

“ಲೇ ಮಲ್ಲ್ಯಾ” ಎಂದು ಅಕ್ಕ ತಮ್ಮನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು, “ಮೊದಲ ದಿನಾನ ತಿಜೋರಿ ಕೀಲಿ ಕೊಡೂ ಮನಿ ಇದು. ಬಿಡಬ್ಯಾಡ.”

ಜಮಖಂಡಿಯ ಬಗ್ಗೆ ನಾನು ಎಚ್ಚರದಿಂದ ಬರೆಯಬೇಕು. ಪೂರ್ಣಿ ಇಲ್ಲಿ ಆಡುವುದಾದರೆ ನಮ್ಮ ಮನೆಯಲ್ಲೇ ಇರುವವಳು. ಸುಭೇದಾರರು ಶಿಸ್ತಿನವರು, ಒಳ್ಳೆಯವರು. ಅಲ್ಲಿ ಹತ್ತರಲ್ಲಿ ಆರು ಹೋದವು. ಆದರೆ ಅಕ್ಕ ತನ್ನ ಶಾಸ್ತ್ರವನ್ನು ಸ್ವಂತ ತಮ್ಮನಿಗೂ ಬಿಡಲಿಲ್ಲ. ನಮ್ಮ ಮನೆಗೆ ಬರುವ ಮುಂಚೆ ಪಕ್ಕದ ಮನೆಯ ಕುಲಕರ್ಣಿ ಬಾಯಿಯವರಲ್ಲಿ ಹೋಗಿ ನೀರು ಕುಡಿದು ಬಂದಳು. ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಊಟಕ್ಕ ಕುಂತಾಗ ಮಾತಾಡಾಂಗಿಲ್ಲಂತ, ಪೇಪರ್ ಓದ್ತಿಯಂತ. ಹುಡುಗಿ ಯಾರ ಜೋಡಿ ಮಾತಾಡಬೇಕೋ?” ಎಂದಳು. ಮೂವತ್ತು ವರ್ಷ ಬೇರೆಯವರ ಬಗ್ಗೆ ವಿಶ್ವಸನೀಯ ಮೂಲಗಳಿಂದ ತಿಳಿದು ಬರೆದವನಿಗೆ, ತನ್ನ ಬಗ್ಗೆಯೂ ವಿಶ್ವಸನೀಯ ಮೂಲಗಳು ಇರುತ್ತವೆ ಎಂಬುದು ಅಂದು ತಿಳಿಯಿತು.

ಬನಹಟ್ಟಿಗೆ ಹೋದದ್ದು ಮಧ್ಯಾಹ್ನದ ಮೇಲೆ. ರಬಕವಿ ಎಲ್ಲಿ ಮುಗಿದು ಬನಹಟ್ಟಿ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ಎರಡೂ ಕಡೆ ಕಿವಿಗೆ ಮಗ್ಗದ ಸದ್ದೇ. ಮೈದಾನದ ಪಕ್ಕದ ಮಗ್ಗದ ಮನೆಯ ಹೆಣ್ಣುಮಗಳು ಅಕ್ಕನಿಗೆ ನೀರು ಕೊಟ್ಟು, ಸಪ್ಪಳದ ಮೇಲೆ ಕೂಗಿ ಹೇಳಿದಳು: “ಆ ಬಾಯಿ? ಹಬ್ಬಕ್ಕೂ ಸೂಟಿ ಕೊಡಾಂಗಿಲ್ರಿ! ಹುಡಿಗ್ಯಾರು ಅತ್ತರ ನೀರ ಕುಡೀರಿ ಅಂತಾಳ, ಮತ್ತ ಓಡಸ್ತಾಳ!”

“ಹುಡಿಗ್ಯಾರು ಎಲ್ಲಿ ಇರತಾರ?”

“ಬಾಯಿ ಮನಿ ಮ್ಯಾಲ. ಕೆಳಗ ನಮ್ಮ ಮಗ್ಗ.”

“ಈ ಗದ್ದಲದಾಗ ನಿದ್ದಿ ಹೆಂಗ ಬರತೈತಿ?”

“ಗದ್ದಲ ಇದ್ರ ಬರತೈತ್ರಿ. ಕರೆಂಟ್ ಹೋಗಿ ಮಗ್ಗ ನಿಂತ್ರ ಓಣಿ ಮಂದೆಲ್ಲ ಎದ್ದು ಕುಂದ್ರತೀವಿ.”

ಅಕ್ಕ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಕಲಿಸುವ ಬಾಯಿ ಶೋಭಾ ಎಂಬುವರು ಸೀಟಿ ಬಾಯಲ್ಲಿಟ್ಟುಕೊಂಡು ನಿಂತಿದ್ದರು. ನಾವು ನಾಲ್ವರು ಗಂಟು ಹಿಡಿದು ಗೆರೆಯ ಹತ್ತಿರ ನಿಂತದ್ದನ್ನು ನೋಡಿಯೂ ನೋಡದವರಂತೆ ಆಟ ಮುಗಿಸಿದರು. ಕೂತುಕೊಳ್ಳಿ ಎನ್ನಲಿಲ್ಲ. ಕೂರಲು ಅಲ್ಲಿ ಏನೂ ಇರಲಿಲ್ಲ ಎಂಬುದನ್ನೂ ದಾಖಲಿಸಬೇಕು. ಚಹಾದ ಸುದ್ದಿಯೇ ಇಲ್ಲ. ಮಲ್ಲೇಶಿ ಬಂದ ಕಾರಣ ಹೇಳಿದ. ಅವರು ಪೂರ್ಣಿಯ ಕಡೆ ನೋಡಿ, “ಹೊಡಿ ನೋಡೋಣು” ಎಂದು ಗೋಲಿನ ಕಡೆ ತೋರಿಸಿದರು.

ಗೋಲಿನಲ್ಲಿ ನಸೀಮಾ ಎಂಬ ಹುಡುಗಿ. ಇಪ್ಪತ್ತು ವಯಸ್ಸಿರಬಹುದು. ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸಂಜೆ ಇಲ್ಲಿಗೆ ಬರುವವಳು. ಪೂರ್ಣಿ ಮೊದಲನೆಯದನ್ನು ಎಂದಿನಂತೆ ಬಲ ಮೂಲೆಗೆ ಹೊಡೆದಳು. ನಸೀಮಾಳ ಕಾಲು ಮೊದಲೇ ಅಲ್ಲಿತ್ತು. ಎಡ ಮೂಲೆಗೆ ಹೊಡೆದಳು, ಅಲ್ಲಿಯೂ ಇತ್ತು. ಎತ್ತಿ ಹೊಡೆದರೆ ಕೈಯಿಂದ ನೊಣ ಓಡಿಸಿದಂತೆ ಹೊರಗೆ ತಳ್ಳಿದಳು. ಏಳನೆಯದಕ್ಕೆ ಪೂರ್ಣಿಯ ಕಿವಿ ಕೆಂಪಾಗಿದ್ದವು. ಹತ್ತನೆಯದನ್ನು ತಡೆದು ನಸೀಮಾ, “ಹೊಡಿಯೂ ಮುಂಚೆ ಎಲ್ಲಿ ಹೊಡಿತಿ ಅಂತ ಆ ಕಡೆ ನೋಡ್ತಿ ತಂಗಿ. ನನಗ ಕಾಗದಾ ಬರದಂಗ ಆಗತೈತಿ” ಎಂದು ನಕ್ಕಳು.

“ಇಟ್ಟುಕೊಳ್ಳತೀನಿ. ಆದ್ರ ಮೊದಲನೇ ತಂಡದಾಗ ಆಡಸಾಂಗಿಲ್ಲ, ವ್ಯಾಳ್ಯಾ ಹಿಡಿತೈತಿ” ಎಂದಷ್ಟೇ ಹೇಳಿ ಬಾಯಿ ಮತ್ತೆ ಸೀಟಿ ಊದಿದರು.

ಮರಳಿ ಬರುವಾಗ ಅಕ್ಕ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಬೈದಳು. “ಬಂದ ಮಂದಿಗೆ ಕುಂದ್ರು ಅನ್ನಲಿಲ್ಲ. ಹುಡುಗಿಗಿ ಹತ್ತು ಸಲ ಮಾರಿ ಒಡದು ಕಳಿಸಿದ್ರು. ಈ ಸಂಬಂಧ ಬ್ಯಾಡ!” ಮುಂದಿನ ಸೀಟಿನ ಮುದುಕಪ್ಪ ತಿರುಗಿ, “ಹುಡುಗ ಏನ ಮಾಡತಾನ್ರಿ?” ಎಂದು ಕೇಳಿದ. ಪೂರ್ಣಿ ಊರು ಬರುವವರೆಗೆ ತನ್ನ ಸ್ಟಿಕ್ಕಿನ ತುದಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಭಾನುವಾರ ಗಲಗಲಿಯ ಮನೆಯಲ್ಲಿ ಬೈಠಕ್. ಮುಧೋಳವೆಂದು ಅಕ್ಕ. ಮುಧೋಳವೆಂದು ಮಲ್ಲೇಶಿ, ಕ್ಯಾಪ್ಟನ್ ಎಂಬ ಮಾತು ಕೇಳಿದಾಗಿನಿಂದ ಅವನ ನಡಿಗೆಯೇ ಬದಲಾಗಿತ್ತು. ಕಸ್ತೂರಿಗೆ ಎಲ್ಲಿ ಹೊಟ್ಟೆ ತುಂಬ ಹಾಕುತ್ತಾರೋ ಅಲ್ಲಿ. ಪೂರ್ಣಿಯನ್ನು ಕೇಳದೆ ಬಿಟ್ಟರೆಂದಲ್ಲ. ವಾರವಿಡೀ ಎಲ್ಲರೂ ಕೇಳಿದ್ದರು, ಕೇಳಿದವರಿಗೆಲ್ಲ ಅವಳು “ನೋಡೋಣು” ಎಂದಿದ್ದಳು.

“ಶಂಕ್ರ್ಯಾ, ನೀ ಹೇಳು” ಎಂದಳು ಅಕ್ಕ.

ನಾನು ಕನ್ನಡಕ ಹಾಕಿಕೊಂಡು ನೋಟ್‌ಬುಕ್ ತೆರೆದು ಓದಿದೆ. ಮುಧೋಳದಲ್ಲಿ ಸೌಲಭ್ಯ ಉತ್ತಮ, ಪೈಪೋಟಿ ಕಡಿಮೆ. ಬನಹಟ್ಟಿಯಲ್ಲಿ ಪೈಪೋಟಿ ಉತ್ತಮ, ಸೌಲಭ್ಯ ಕಡಿಮೆ. ಜಮಖಂಡಿ ಇವೆರಡರ ನಡುವೆ ಎಂದು ಹೇಳಲಾಗುತ್ತಿದೆ.

“ಯಾರು ಹೇಳಾಕತ್ತಾರ?” ಎಂದ ಮಲ್ಲೇಶಿ.

“ಹಂಗಲ್ಲ, ಎರಡೂ ಕಡೆ...”

“ಅಣ್ಣಾ, ನಿನ್ನ ಮಗಳಾಗಿದ್ರ ಏನ ಮಾಡತಿದ್ದಿ ಅದನ್ನ ಹೇಳು. ಬಾಕೀದು ನಾಳೆ ಪೇಪರಿನ್ಯಾಗ ಓದ್ತೀವಿ.”

ಪೂರ್ಣಿ ಎದ್ದು ಬಂದು ನನ್ನ ಕೈಯಿಂದ ನೋಟ್‌ಬುಕ್ ಇಸಿದುಕೊಂಡಳು. ಪುಟ ತಿರುವಿದಳು.

“ದೊಡ್ಡಪ್ಪಾ, ಮುಧೋಳಕ್ಕ ಒಂದು ಪಾನ. ಬನಹಟ್ಟಿಗೆ ಅರ್ಧಾ ಪಾನ. ಜಮಖಂಡಿಗೆ ಮೂರು ಪಾನ ಬರದೀರಿ. ನಿಮ್ಮ ಮನಿಯಿಂದ ಗ್ರೌಂಡಿಗೆ ಎಷ್ಟು ಹೆಜ್ಜಿ ಅಂತ ಸೈತ ಎಣಿಸಿರಿ.”

ಹೌದು, ಎಣಿಸಿದ್ದೆ. ಹುಡುಗಿ ನಮ್ಮಲ್ಲಿರಲಿ, ಬೆಳಗ್ಗೆ ಅವಳೊಂದಿಗೆ ಮೈದಾನದವರೆಗೆ ನಡೆದು ಹೋಗಿ ಬರಬಹುದು ಎಂದು ನನಗೆ ಆಸೆಯಿತ್ತು. ಅದನ್ನು ಬಾಯಿಬಿಟ್ಟು ಹೇಳದೆ, ನಿಷ್ಪಕ್ಷಪಾತ ಎಂಬ ಹೆಸರಿನಲ್ಲಿ ಮೂರು ಪುಟ ಮಾಡಿದ್ದೆ. ಕನ್ನಡಕ ತೆಗೆದು ಒರೆಸತೊಡಗಿದೆ. ಒರೆಸುವಂಥದ್ದು ಏನೂ ಇರಲಿಲ್ಲ.

“ಇಲ್ಲಿ ಒಂದು ಛಲೋ ಬರದೀರಿ” ಎಂದು ಅವಳು ಓದಿದಳು. “ಮುಧೋಳ, ಹತ್ತಕ್ಕ ಒಂಬತ್ತು. ಜಮಖಂಡಿ, ಹತ್ತಕ್ಕ ಆರು. ಬನಹಟ್ಟಿ, ಹತ್ತಕ್ಕ ಸೊನ್ನಿ.” ನೋಟ್‌ಬುಕ್ ಮುಚ್ಚಿದಳು. “ನಾ ಬನಹಟ್ಟಿಗೆ ಹೋಗತೀನಿ.”

“ನಿನಗೇನ ತಲಿ ಕೆಟ್ಟೈತೇನ?” ಅಕ್ಕ ಸಿಡಿದಳು. “ಅಲ್ಲಿ ಒಂದೂ ಬೀಳಲಿಲ್ಲ. ಚಾ ಸೈತ ಕೇಳಲಿಲ್ಲ ಆ ಬಾಯಿ!”

ಪೂರ್ಣಿ ಅಕ್ಕನ ಪಕ್ಕದಲ್ಲಿ ಹೋಗಿ ಕೂತಳು. “ಅತ್ತಿ, ನಿನ್ನಂಗ ತೆಳ್ಳನ ರೊಟ್ಟಿ ಈ ತಾಲೂಕಿನ್ಯಾಗ ಯಾರಿಗೂ ಬಡಿಯಾಕ ಬರಾಂಗಿಲ್ಲ. ಯಾರ ಕಡೆ ಕಲ್ತಿ?”

“ಮತ್ಯಾರ ಕಡೆ? ನಮ್ಮತ್ತಿ ಕಡೆ. ಅಂಚು ಒಂದೀಟ ಹರದ್ರ ಹಿಟ್ಟು ತಿರಗಿ ನಾದಸ್ತಿದ್ಲು ಮುದಿಕಿ. ನನ್ನ ಕೈ ನೋಡು, ಇನ್ನೂ...”

“ಆಕಿ ನಿನಗ ಚಾ ಬೇಕೇನವ್ವಾ ಅಂತ ಕೇಳತಿದ್ಲೇನು?”

ಅಕ್ಕ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಕಸ್ತೂರಿ ಸೆರಗಿನಲ್ಲಿ ನಗು ಅಡಗಿಸಲು ಒಳಗೆ ಎದ್ದು ಹೋದಳು. ಅಕ್ಕ, “ಖರೆ ಐತಿ. ಮೆತ್ತಗಿನ ಅತ್ತಿ ಮನ್ಯಾಗ ಸೊಸಿ ದಪ್ಪ ಆಗತಾಳ, ಶಾಣ್ಯಾ ಆಗಾಂಗಿಲ್ಲ” ಎಂದು ತನ್ನ ಶಾಸ್ತ್ರಕ್ಕೆ ಹೊಸದೊಂದು ಸೂತ್ರ ಸೇರಿಸಿದಳು. ಮಲ್ಲೇಶಿಯ ಕ್ಯಾಪ್ಟನ್‌ಗಿರಿ ಅಲ್ಲಿಗೆ ಹೋಯಿತು. ನನ್ನ ಮುಂಜಾನೆಯ ನಡಿಗೆಯೂ ಹೋಯಿತು.

ಜೂನ್ ಹೋಗಿ ಮಳೆ ಮುಗಿದು ಕಬ್ಬಿನ ಗಾಡಿಗಳು ರಸ್ತೆಗೆ ಬಂದವು. ಪೂರ್ಣಿ ಫೋನ್ ಮಾಡಿದಾಗಲೆಲ್ಲ ಅಕ್ಕ ಕೇಳುವುದು ಒಂದೇ: “ನಸೀಮಾಗ ಒಂದರ ಗೋಲ್ ಹಾಕಿದೇನು?” ಉತ್ತರವೂ ಒಂದೇ: “ಇಲ್ಲ ಅತ್ತಿ.” ದಸರೆಗೆ ಇಲ್ಲ, ದೀಪಾವಳಿಗೆ ಇಲ್ಲ. ತಪ್ಪು ಮಾಡಿದೆವೇನೋ ಎಂದು ಮಲ್ಲೇಶಿ ನನ್ನನ್ನು ಕೇಳತೊಡಗಿದ. ತಪ್ಪು ಎನ್ನುವವರೂ ಇದ್ದಾರೆ ಎಂದು ಹೇಳಲು ಹೊರಟು ಸುಮ್ಮನಾದೆ. ನನಗೂ ಒಳಗೊಳಗೆ ಹೆದರಿಕೆಯಾಗಿತ್ತು. ಆ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಸಣ್ಣದಲ್ಲ. ಊರಿನಲ್ಲಿ ದಿನಕ್ಕೆ ಐದು ಗೋಲು ಹಾಕುತ್ತಿದ್ದ ಹುಡುಗಿಯನ್ನು ಹೀಗೆ ಗೋಡೆಗೆ ತಲೆ ಹೊಡೆಯಲು ಕಳಿಸಿದೆವಲ್ಲ ಎನ್ನಿಸುತ್ತಿತ್ತು.

ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಬನಹಟ್ಟಿಗೆ ಹೋದೆ. ತಮ್ಮತಮ್ಮಲ್ಲೇ ಎರಡು ಪಾಲು ಮಾಡಿಕೊಂಡು ಆಡುತ್ತಿದ್ದರು. ನಸೀಮಾ ಎದುರು ಕಡೆ. ಪೂರ್ಣಿ ನಾಲ್ಕು ಸಲ ಹೊಡೆದಳು, ನಾಲ್ಕೂ ವಾಪಸು ಬಂದವು. ಅಕ್ಕ ಪ್ರತಿಯೊಂದಕ್ಕೂ ತಾನೇ ಏಟು ತಿಂದವಳಂತೆ ನರಳಿದಳು. ಐದನೆಯ ಸಲ ಪೂರ್ಣಿ ಮೂವರನ್ನು ದಾಟಿಕೊಂಡು ಬಂದಳು. ಎದುರಿಗೆ ನಸೀಮಾ ಒಬ್ಬಳೇ. ಪೂರ್ಣಿ ಬಲ ಮೂಲೆಯ ಕಡೆ ನೋಡಿದಳು, ಚೆನ್ನಾಗಿಯೇ ನೋಡಿದಳು. ನಸೀಮಾ ಆ ಕಡೆ ವಾಲಿದಳು. ಪೂರ್ಣಿ ಹೊಡೆಯಲಿಲ್ಲ. ಎಡಗಡೆ ಓಡಿ ಬರುತ್ತಿದ್ದ ಒಬ್ಬ ಸಣಕಲು ಹುಡುಗಿಯ ಮುಂದೆ ಚೆಂಡನ್ನು ಮೆಲ್ಲಗೆ ಇಟ್ಟಳು. ಆ ಹುಡುಗಿ ಗಾಬರಿಯಲ್ಲಿ ತಳ್ಳಿದಳು. ಖಾಲಿ ಗೋಲಿನೊಳಗೆ ಚೆಂಡು ಯಾವ ಅವಸರವೂ ಇಲ್ಲದೆ ಉರುಳಿಕೊಂಡು ಹೋಯಿತು.

ನಸೀಮಾ ಮುಖವಾಡ ತೆಗೆದು ಜೋರಾಗಿ ನಕ್ಕಳು. ಪೂರ್ಣಿ ಆ ಸಣಕಲು ಹುಡುಗಿಯನ್ನು ಎತ್ತಿಕೊಂಡು ಗಿರಕಿ ಹೊಡೆದಳು. ಒಬ್ಬಾಕೆಯೇ ಆಡುತ್ತಿದ್ದ ಹುಡುಗಿ ಇವಳೇ ಏನು ಎಂದು ನಾನು ನೋಡುತ್ತ ನಿಂತೆ.

ಅಕ್ಕ ಮಾತ್ರ ಹಣೆ ಬಡಿದುಕೊಂಡಳು. “ಆರು ತಿಂಗಳ ಕಾದು, ಕೈಯಾಗ ಬಂದಿದ್ದನ್ನ ಯಾರಿಗೋ ದಾನಾ ಮಾಡಿದ್ಲಲ್ಲೋ!”

ಆಟ ಮುಗಿದ ಮೇಲೆ ಪೂರ್ಣಿ ಬೆವರು ಸುರಿಸುತ್ತ ಓಡಿ ಬಂದಳು. “ದೊಡ್ಡಪ್ಪಾ, ಅಕಿ ಹೆಸರು ಬರಕೋರಿ. ಅಪ್ಪನ ಹೆಸರು ಹಚ್ಚಿ ಪೂರಾ ಬರಕೋರಿ. ಅಕೀದು ಇದು ಮೊದಲನೇ ಗೋಲು.”

ಸಂಜೆಯ ಬಸ್ಸಿನಲ್ಲಿ ಅಕ್ಕ ಬಹಳ ದೂರದವರೆಗೆ ಮುಖ ಗಂಟು ಹಾಕಿಕೊಂಡೇ ಇದ್ದಳು. ಆಮೇಲೆ ತಡೆಯಲಾರದೆ, ಕಿಟಕಿಯ ಪಕ್ಕ ಕೂತಿದ್ದ ಗುರುತಿಲ್ಲದ ಹೆಣ್ಣುಮಗಳಿಗೆ, “ನಮ್ಮ ಹುಡುಗಿ ಹಾಕಿ ಆಡತಾಳವ್ವಾ. ಬನಹಟ್ಟ್ಯಾಗ ಇರತಾಳ” ಎಂದಳು.

“ಹೌದಾ? ಇವತ್ತ ಎಷ್ಟು ಗೋಲ್ ಹಾಕಿದ್ಲು?”

ಅಕ್ಕ ನನ್ನ ಕಡೆ ತಿರುಗಿದಳು. “ನೀ ಹೇಳೋ. ನೀ ಪೇಪರಿನ್ಯಾಂವ.”

“ಆಕಿ ಒಂದೂ ಹಾಕಲಿಲ್ರಿ” ಎಂದೆ. “ಭಾಳ ಛಲೋ ಆಡಿದ್ಲು.”

ಆ ಹೆಣ್ಣುಮಗಳು ಒಮ್ಮೆ ನನ್ನನ್ನು, ಒಮ್ಮೆ ಅಕ್ಕನನ್ನು ನೋಡಿದಳು. ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡು, ಜಮಖಂಡಿ ಬರುವವರೆಗೆ ಕಿಟಕಿಯಾಚೆಯ ಕಬ್ಬನ್ನೇ ನೋಡಿದಳು.